ಓದುಗರ ಪ್ರಶ್ನೆ: ಬರದ ಊರಿಗೆ ಚಿಕುನ್‌ಗುನ್ಯಾ ಬಂದದ್ದು ಹೇಗೆ?

ಪ್ರಶ್ನೆ: 2006ರಲ್ಲಿ ನಮ್ಮೂರಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದಿದ್ದರು. ನಮ್ಮ ತಂದೆಯವರಿಗೆ ಬಾಗಿಲಿನ ಚಿಲಕ ತೆಗೆಯಲೂ ಕೈ ಬರುತ್ತಿರಲಿಲ್ಲ. ಕೆರೆ ಬತ್ತಿ, ಚರಂಡಿಯೂ ಒಣಗಿದ್ದ ಊರಿಗೆ ಸೊಳ್ಳೆಯ ರೋಗ ಹೇಗೆ ಬಂತು? ಕೋಳಿ ತಿಂದವರಿಗೆ ಬರುತ್ತದೆ ಎಂಬ ಮಾತು ನಿಜವೇ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಕೋಳಿಗೂ ಈ ಜ್ವರಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ವಿವರವಾಗಿಯೇ ಉತ್ತರಿಸಬೇಕು.

ಈಗಿನ ತಾಂಜಾನಿಯಾದಲ್ಲಿ 1952ರಲ್ಲಿ ಮೊದಲು ಗುರುತಿಸಲಾದ ಈ ರೋಗವು ಭಾರತದಲ್ಲಿ 1963ರಲ್ಲಿ ಕಲ್ಕತ್ತೆಯಲ್ಲಿ, ಮರುವರ್ಷ ಮದರಾಸಿನಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಕಾಣಿಸಿಕೊಂಡು, ಆಮೇಲೆ ಮೂರು ದಶಕಗಳ ಕಾಲ ಹೆಚ್ಚುಕಡಿಮೆ ಮರೆತೇ ಹೋಗಿತ್ತು. 2004ರಲ್ಲಿ ಕೆನ್ಯಾದ ಕರಾವಳಿಯ ಲಾಮು ದ್ವೀಪದಲ್ಲಿ ಅದು ಮತ್ತೆ ತಲೆಯೆತ್ತಿದಾಗ ಅಲ್ಲಿದ್ದದ್ದು ಮಳೆಗಾಲವಲ್ಲ, ಬರ. ಜನರು ಮನೆಗಳಲ್ಲಿ ತುಂಬಿಟ್ಟುಕೊಂಡಿದ್ದ ನೀರಿನಲ್ಲಿಯೇ ಸೊಳ್ಳೆಗಳು ಬೆಳೆದಿದ್ದವೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಅಲ್ಲಿಂದ ಹಿಂದೂ ಮಹಾಸಾಗರದ ದ್ವೀಪಗಳಿಗೆ ಹಬ್ಬಿದ ರೋಗವು ರಿಯೂನಿಯನ್ ದ್ವೀಪವೊಂದರಲ್ಲಿಯೇ ಸುಮಾರು ಮೂರನೆಯ ಒಂದು ಪಾಲು ಜನರನ್ನು ಮಲಗಿಸಿ, 2005ರ ಕೊನೆಯ ಹೊತ್ತಿಗೆ ಭಾರತಕ್ಕೂ ಬಂದಿತು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು, ಅವುಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಚಿತ್ರದುರ್ಗ, ದಾವಣಗೆರೆಗಳೂ ಸೇರಿದಂತೆ ಬಯಲುಸೀಮೆಯ ಜಿಲ್ಲೆಗಳಿಗೆ ಆಗ ಬಿದ್ದ ಪೆಟ್ಟು ದೊಡ್ಡದು.

ಇದಕ್ಕೆ ಕಾರಣ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯ ಸ್ವಭಾವ. ಚರಂಡಿಯ ಕೊಳಕು ನೀರಿಗಿಂತ ನಾವು ಬಳಕೆಗೆಂದು ಹಿಡಿದಿಟ್ಟ ತಿಳಿನೀರೇ ಅದಕ್ಕೆ ಹಿತ. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ದನಗಳ ಬಾನಿ ಎಲ್ಲವನ್ನೂ ತುಂಬಿಸಿಕೊಳ್ಳುವುದು ಅನಿವಾರ್ಯ, ಮತ್ತು ತಳದಲ್ಲಿ ಉಳಿದ ನೀರನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಮೊಟ್ಟೆಯೊಡೆದು ಸೊಳ್ಳೆಯಾಗಲು ಬೇಸಿಗೆಯಲ್ಲಿ ವಾರ, ಹತ್ತು ದಿನ ಸಾಕು. ಆಶಾ ಕಾರ್ಯಕರ್ತೆಯರು ಬಂದಾಗ ಡ್ರಮ್ಮಿನೊಳಗೆ ಟಾರ್ಚ್ ಬಿಡುವುದನ್ನು ನೀವು ನೋಡಿರಬಹುದು: ನೀರಿನ ಮೇಲ್ಮೈಗೆ ತಲೆಕೆಳಗಾಗಿ ನೇತಾಡುತ್ತಿರುವ ಮರಿಹುಳುಗಳು ನೆರಳು ಬಿದ್ದೊಡನೆ ಡೊಂಕುಡೊಂಕಾಗಿ ತಳಕ್ಕಿಳಿಯುತ್ತವೆ. ಮೊಟ್ಟೆಗಳಿರುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಅಂಟಿಕೊಂಡು. ಅವು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ನೀರು ಮತ್ತೆ ಮುಟ್ಟಿದಾಗ ಒಡೆಯುತ್ತವೆ. ಆದ್ದರಿಂದ ತೊಟ್ಟಿಯನ್ನು ಬರಿದು ಮಾಡಿದರೆ ಸಾಲದು, ವಾರಕ್ಕೊಮ್ಮೆ ಗೋಡೆಯನ್ನು ಉಜ್ಜಿ ತೊಳೆಯಬೇಕು. ತೊಳೆಯಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಈ ಸೊಳ್ಳೆ ಹುಟ್ಟಿದ ಜಾಗದಿಂದ ಹೆಚ್ಚು ದೂರ ಹಾರುವುದೂ ಇಲ್ಲ, ಹಾಗಾಗಿ ಕಚ್ಚಿದ್ದು ಸಾಮಾನ್ಯವಾಗಿ ಸ್ವಂತ ಮನೆಯದೋ ನೆರೆಮನೆಯದೋ ಆಗಿರುತ್ತದೆ. ಆದರೂ ಬೀದಿಯಲ್ಲಿ ಹೊಗೆ ಹೊಡೆಸಿದರೆ ಕೆಲಸ ಮುಗಿಯಿತೆಂದುಕೊಳ್ಳುವ ಆಡಳಿತಗಳ ರೂಢಿ ಇನ್ನೂ ಹೋಗಿಲ್ಲ. ಅಂದು ಇಷ್ಟು ಬೇಗ ಹರಡಲು ಇನ್ನೊಂದು ಕಾರಣ, ನಮ್ಮ ಭಾಗದ ಜನರಲ್ಲಿ ಈ ವೈರಾಣುವಿನ ವಿರುದ್ಧ ರೋಗನಿರೋಧಕ ಶಕ್ತಿ ಬಹುಮಟ್ಟಿಗೆ ಇಲ್ಲದಿದ್ದುದು.

ಪ್ರಶ್ನೆ: ನಮ್ಮ ತಾಯಿಯವರಿಗೆ ಜ್ವರ ಬಿಟ್ಟು ಐದು ತಿಂಗಳಾದರೂ ಬೆಳಿಗ್ಗೆ ಎದ್ದಾಗ ಮಣಿಕಟ್ಟು, ಬೆರಳು ಬಿಗಿದಿರುತ್ತವೆ. ಈ ರೋಗ ಮತ್ತೆ ಬರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ನೋವು ಮೂರು ತಿಂಗಳು ದಾಟಿದ್ದರಿಂದ ಮಾತ್ರ ಮನೆಮದ್ದನ್ನೇ ನೆಚ್ಚದೆ ತಜ್ಞ ವೈದ್ಯರಿಗೆ ತೋರಿಸಿ. ಸಂಧಿವಾತವೂ ಹೀಗೆಯೇ ತೋರುವುದರಿಂದ ರಕ್ತ ಪರೀಕ್ಷೆ ಬೇಕಾಗಬಹುದು. ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ಬೇಡವೇ ಬೇಡ.

ಮನೆಯಲ್ಲಿ ಬೇರೆ ಯಾರಿಗಾದರೂ ಈಗ ಜ್ವರ ಬಂದರೆ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಕೊಡಬಾರದು, ಏಕೆಂದರೆ ಎರಡೂ ರೋಗಗಳನ್ನು ಹರಡುವ ಸೊಳ್ಳೆ ಒಂದೇ, ಮತ್ತು ಡೆಂಗಿಯಲ್ಲಿ ಆ ಮಾತ್ರೆಗಳಿಂದ ರಕ್ತಸ್ರಾವದ ಅಪಾಯವಿದೆ. ಮೊದಲ ವಾರ ರೋಗಿಯ ರಕ್ತದಲ್ಲಿ ವೈರಾಣು ಇರುವುದರಿಂದ, ಹಗಲಿನಲ್ಲಿ ಮಲಗಿದಾಗಲೂ ಸೊಳ್ಳೆಪರದೆ ಕಟ್ಟಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿಯೇ.