ಗ್ಲಾಸ್ಗೋ ನಗರದ ಲಾಂಛನದಲ್ಲಿ ಉಂಗುರ ಕಚ್ಚಿದ ಮೀನು ಯಾಕಿದೆ?

ಅದು ಸಂತ ಮಂಗೊ ಕಥೆಯ ಮೀನು. ಇವರು 6ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಬಿಷಪ್, ಅಂದರೆ ಆ ಭಾಗದ ಚರ್ಚಿಗೆ ಹಿರಿಯರು. ರಾಣಿ ತನ್ನ ಉಂಗುರವನ್ನು ಪ್ರಿಯಕರನಿಗೆ ಕೊಟ್ಟಿದ್ದಳಂತೆ, ರಾಜ ಅದನ್ನು ಗುಟ್ಟಾಗಿ ಕ್ಲೈಡ್ ನದಿಗೆ ಎಸೆದು, ಉಂಗುರ ತೋರಿಸು ಇಲ್ಲಾಂದ್ರೆ ಸಾಯಿ ಅಂದನಂತೆ. ಮಂಗೊ ಹಿಡಿಸಿದ ಮೀನಿನೊಳಗೆ ಉಂಗುರ ಸಿಕ್ಕಿತು, ರಾಣಿ ಬದುಕಿದಳು.

ಇಷ್ಟು ಹಳೆಯ ಕಥೆ ನಮಗೆ ಸಿಕ್ಕಿದ್ದು ಹೇಗೆ ಅನ್ನೋದೇ ಮುಖ್ಯ. 12ನೇ ಶತಮಾನದ ಕೊನೆಗೆ ಅಲ್ಲಿನ ಬಿಷಪ್ ಜೋಸೆಲಿನ್ ಹೊಸ ಕೆಥೆಡ್ರಲ್ ಕಟ್ಟಿಸುತ್ತಿದ್ದರು. ಮಂಗೊ ಸಮಾಧಿಗೆ ಯಾತ್ರಿಕರು ಬಂದರೆ ಚರ್ಚಿನ ಹೆಸರೂ ಆದಾಯವೂ ಜಾಸ್ತಿಯಾಗುತ್ತೆ ಅಲ್ವಾ, ಆಗಲೇ ಒಬ್ಬ ಸನ್ಯಾಸಿಯಿಂದ ಈ ಚರಿತ್ರೆ ಬರೆಸಿದರು. ಹಾಗಾಗಿ ಇದನ್ನು ಭಕ್ತಿಯ ಕಥೆಯಾಗಿ ಓದಬೇಕು, ಇತಿಹಾಸವಾಗಿ ಅಲ್ಲ. 1866ರಲ್ಲಿ ಮೀನು ನಗರದ ಅಧಿಕೃತ ಲಾಂಛನ ಸೇರಿತು.