ಅಯಾಲಾ ಮನೆತನದ್ದು ಬರೀ ಜಮೀನಿನ ದುಡ್ಡಾ?

"ಫಿಲಿಪ್ಪೀನ್ಸ್‌ನ ಅಯಾಲಾ ಮನೆತನ ಸುಮ್ನೆ ಹಳೇ ಜಮೀನಿನಿಂದ ಶ್ರೀಮಂತವಾಯಿತಾ?" ಅಂತ ಕೇಳಿದ್ದೀರಿ. ಜಮೀನು ಇತ್ತು, ನಿಜ. 1834ರಲ್ಲಿ ವ್ಯಾಪಾರ ಶುರು, 1851ರಲ್ಲಿ ಮನಿಲಾ ಪಕ್ಕದ ಮಕಾಟಿಯ ಎಸ್ಟೇಟ್ ಖರೀದಿ. ಆದರೆ ಅದರ ಬೆಲೆ ಏರಿದ್ದು ನಗರ ಕಟ್ಟಿದ ಮೇಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಯ ಅಳಿಯ ಜೋಸೆಫ್ ಮೆಕ್‌ಮಿಕಿಂಗ್ ಅಲ್ಲಿ ಹೊಸ ನಗರದ ಯೋಜನೆ ಹಾಕಿದರು.

ನನಗೆ ತುಂಬಾ ಇಷ್ಟವಾಗೋದು ಅಲ್ಲಿನ ರಸ್ತೆಗಳ ಕಥೆ. ಇಂದಿನ ಅಯಾಲಾ ಅವೆನ್ಯೂ, ಪಾಸೆಯೊ ದೆ ರೋಹಾಸ್ ಎರಡೂ ಹಿಂದೆ ನೀಲ್ಸನ್ ವಿಮಾನ ನಿಲ್ದಾಣದ ರನ್‌ವೇಗಳು! ಅದರ ಕಂಟ್ರೋಲ್ ಟವರ್ ಇವತ್ತಿಗೂ ಎತ್ತರದ ಕಟ್ಟಡಗಳ ನಡುವೆ ಪುಟ್ಟದಾಗಿ ನಿಂತಿದೆ.

ಇದೇ ಮನೆಯ ಚಿತ್ರಕಾರ ಫರ್ನಾಂಡೊ ಜೋಬೆಲ್ ಕನಸು ಕಂಡ ಅಯಾಲಾ ಮ್ಯೂಸಿಯಂ ಕೂಡ ಮಕಾಟಿಯಲ್ಲೇ ಇದೆ. ಹೋದರೆ ದೇಶದ ಇತಿಹಾಸ ಹೇಳುವ 60 ಡಯೋರಾಮಾಗಳನ್ನು (ಪುಟ್ಟ ಮಾದರಿಗಳಿಂದ ಕಟ್ಟಿದ ದೃಶ್ಯಗಳು) ನಿಧಾನವಾಗಿ ನೋಡಿ.