ಅನುದಾನ ನಾಟಕಕ್ಕೋ, ಕ್ಯಾಂಪಿಗೋ?

ಓದುಗರ ಪತ್ರ: ವೃತ್ತಿ ನಾಟಕ ಕಂಪನಿಗಳಿಗೆ ಸರ್ಕಾರ ಅನುದಾನ ಏಕೆ ಕೊಡಬೇಕು? ಗುಬ್ಬಿ ವೀರಣ್ಣನವರು ಯಾರ ಮುಂದೆ ಕೈ ಚಾಚಿದ್ದರು? ಜನ ದುಡ್ಡು ಕೊಟ್ಟು ನೋಡಿದ್ದು ಉಳಿಯಲಿ, ನೋಡದ್ದು ಮುಚ್ಚಲಿ. ಕೊಡಲೇಬೇಕೆಂದರೆ ಯಾರಿಗೆ ಎಷ್ಟು ಕೊಟ್ಟಿರೆಂಬ ಪಟ್ಟಿ ಹೊರಗೆ ಬರಲಿ. ದ್ವಂದ್ವಾರ್ಥದ ಮಾತಿಗೆ ನನ್ನ ತೆರಿಗೆ ಹಣ ಬೇಡ.
– ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ: ಸಿಟ್ಟೆಲ್ಲ ನಿಮ್ಮ ಕೊನೆಯ ಸಾಲಿನಲ್ಲಿದೆ, ಅಲ್ಲಿಂದಲೇ ಶುರು ಮಾಡೋಣ. ಕಂಪನಿ ನಾಟಕಕ್ಕೆ ದ್ವಂದ್ವಾರ್ಥದ ಜಾಡ್ಯ ಅಂಟಿದೆ ಎಂಬುದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಅದು ಅನುದಾನದಿಂದ ಬಂದದ್ದಲ್ಲ, ಗೇಟ್ ಕಲೆಕ್ಷನ್ ಒಂದನ್ನೇ ನೆಚ್ಚಿಕೊಂಡಿದ್ದರಿಂದ ಬಂದದ್ದು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಸಾಲಾಗಿ ಥಿಯೇಟರ್ ಹಾಕಿಕೊಂಡ ಕಂಪನಿಗಳು ಒಂದೇ ದಿನ ಒಂದರ ಹಿಂದೊಂದು ಆಟ ಆಡುತ್ತವೆ. ಪಕ್ಕದವರ ಮೈಕು ಕೂಗುತ್ತಿರುವಾಗ ಜನರನ್ನು ತನ್ನ ಗೇಟಿಗೆ ಎಳೆಯಬೇಕಾದ ಮಾಲೀಕ, ನಾಟಕದ ಹೆಸರಿನಿಂದ ಹಿಡಿದು ಹಾಸ್ಯಪಾತ್ರದ ಮಾತಿನವರೆಗೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಬಗ್ಗಿಸುತ್ತಾನೆ. ಜನ ನೋಡಿದ್ದೇ ಉಳಿಯಲಿ ಎನ್ನುತ್ತೀರಿ. ನಿಮಗೆ ಬೇಡವಾದ ನಾಟಕ ಉಳಿದಿರುವುದೂ ಆ ನಿಯಮದಿಂದಲೇ.

ವೀರಣ್ಣನವರ ವಿಷಯ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಅವರ ಕೈಯಲ್ಲಿ, ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತರುವಷ್ಟು ಬೆಳೆಯಿತು, ಅದೂ ಟಿಕೆಟ್ ಹಣದ ಬಲದಿಂದ. ಆಗಿನ್ನೂ ಸಿನಿಮಾ ಊರೂರಿಗೆ ಬಂದಿರಲಿಲ್ಲ, ಟೀವಿಯಂತೂ ಇಲ್ಲವೇ ಇಲ್ಲ. ಆದರೆ ಕನ್ನಡ ರಂಗಭೂಮಿ ಸಾರ್ವಜನಿಕ ಹಣವನ್ನು ಕಂಡೇ ಇರಲಿಲ್ಲ ಎನ್ನುವುದು ಸರಿಯಲ್ಲ. ಚಾಮರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಅರಮನೆಯ ನಾಟಕ ಕಂಪನಿ ನಡೆದಿತ್ತು. ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದದ್ದು ಆ ದಿನಗಳಲ್ಲೇ. ಅರಮನೆಗೆ ಹಣ ಬರುತ್ತಿದ್ದದ್ದು ಕೊನೆಗೂ ಸಂಸ್ಥಾನದ ಕಂದಾಯದಿಂದ. ಅದನ್ನು ರಾಜಾಶ್ರಯವೆಂದು ಇಂದಿಗೂ ಹೊಗಳುತ್ತೇವೆ. ಸರ್ಕಾರದ ಇಲಾಖೆ ಕೊಟ್ಟರೆ ಮಾತ್ರ ಕೈ ಚಾಚಿದಂತೆ!

ನೀವು ಹೇಳಿದ್ದರಲ್ಲಿ ಒಪ್ಪಬೇಕಾದದ್ದೂ ಇದೆ. ಅನುದಾನ ಹೋಗುವ ದಾರಿ ಸರಿಯಿಲ್ಲ. ಅರ್ಜಿ, ಫೋಟೋ, ಲೆಕ್ಕಪತ್ರಗಳ ಕಡತವನ್ನು ಅಚ್ಚುಕಟ್ಟಾಗಿ ಕಟ್ಟಬಲ್ಲವನಿಗೆ ಹಣ ಸುಲಭ. ಇಂದು ಮುಧೋಳ, ಮುಂದಿನ ತಿಂಗಳು ಇಳಕಲ್ ಎಂದು ಲಾರಿಯಲ್ಲಿ ಸಾಮಾನು ಹೇರಿಕೊಂಡು ತಿರುಗುವವನಿಗೆ ಕಷ್ಟ. ಕಲಾತಂಡಗಳ ಗುರು-ಶಿಷ್ಯರಿಗೆಂದು ಕೇಂದ್ರ ಸಂಸ್ಕೃತಿ ಸಚಿವಾಲಯ ಕೊಡುವ ರೆಪರ್ಟರಿ ಅನುದಾನವನ್ನೇ ನೋಡಿ. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ಹೆಚ್ಚೆಂದರೆ 10,000. ಕಂಪನಿಯಲ್ಲಿ ಗುರು ಯಾರು, ಶಿಷ್ಯ ಯಾರು? ಪರದೆ ಎಳೆಯುವವರು, ಸೀನರಿ ಬರೆಯುವವರು, ಗೇಟಿನಲ್ಲಿ ನಿಲ್ಲುವವರು, ಅಡುಗೆಯವರು ಯಾವ ಪಟ್ಟಿಗೆ? ಅದು ಬೇರೆಯವರ ಅಳತೆಗೆ ಹೊಲಿದ ಅಂಗಿ.

ಕಂಪನಿ ಮುಳುಗುವುದು ನಾಟಕದಿಂದಲ್ಲ, ಊರೂರಿಗೆ ಹೋಗಿ ಬೀಡುಬಿಡುವ ಕ್ಯಾಂಪಿನಿಂದ. ಜಾಗ ಹಿಡಿಯಬೇಕು, ತಗಡಿನ ಥಿಯೇಟರ್ ಎಬ್ಬಿಸಬೇಕು, ತಾತ್ಕಾಲಿಕ ಕರೆಂಟು ಎಳೆಸಬೇಕು, ಪರವಾನಗಿಗೆ ಅಲೆಯಬೇಕು, ಕಲಾವಿದರಿಗೆ ಮುಂಗಡ ಕೊಡಬೇಕು. ಒಂದು ಟಿಕೆಟ್ ಹರಿಯುವ ಮೊದಲೇ ಇಷ್ಟೂ ಸಾಲ ತಲೆಯ ಮೇಲೆ. ಮಳೆ ಹಿಡಿದರೆ ಆಟ ನಿಲ್ಲುತ್ತದೆ, ಊಟ ನಿಲ್ಲುವುದಿಲ್ಲ. 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ ಎನ್ನುವುದೊಂದು ಸಮಾಧಾನ, ಆದರೆ ಬಾರದ ಪ್ರೇಕ್ಷಕನ ತೆರಿಗೆ ಮನ್ನಾ ಮಾಡಿ ಏನು ಬಂತು? ಊರ ನಡುವಿನ ಖಾಲಿ ಜಾಗಗಳು ಸೈಟುಗಳಾಗಿ, ಕಾಂಪ್ಲೆಕ್ಸುಗಳಾಗಿ ಹೋದ ಮೇಲೆ ಕ್ಯಾಂಪು ಊರಾಚೆಗೆ ಸರಿದಿದೆ. ರಾತ್ರಿ ಆಟ ಮುಗಿಸಿ ಹೆಂಗಸರು ಮಕ್ಕಳು ಅಷ್ಟು ದೂರದಿಂದ ಮನೆ ಸೇರುವುದು ಹೇಗೆ?

ಹಾಗಾಗಿ ನನ್ನ ಪಕ್ಷ ಇದು. ತಾಲ್ಲೂಕು ಕೇಂದ್ರಗಳಲ್ಲಿ ಕ್ಯಾಂಪಿಗೆಂದೇ ನೀರು, ಕರೆಂಟು, ಶೌಚಾಲಯ ಇರುವ ಜಾಗವೊಂದನ್ನು ಪುರಸಭೆ ಮೀಸಲಿಡಲಿ. ಉಳಿದ ಹಣ ಆಡಿದ ಆಟದ ಲೆಕ್ಕದಲ್ಲಿ ಹೋಗಲಿ. ಮರಾಠಿಯ ವ್ಯಾವಸಾಯಿಕ ನಾಟಕಗಳಿಗೆ ಮಹಾರಾಷ್ಟ್ರ ಸರ್ಕಾರ ಪ್ರಯೋಗಕ್ಕಿಷ್ಟು ಎಂದು ಕೊಡುತ್ತದೆ. ಹುಬ್ಬಳ್ಳಿಯವರಿಗೆ ಇದನ್ನು ನಾನು ಹೇಳಬೇಕಿಲ್ಲ. ಅಲ್ಲಿ ಸಮಿತಿಯೊಂದು ನಾಟಕ ನೋಡಿ ದರ್ಜೆ ಕಟ್ಟುತ್ತದೆ, ಅದೊಂದು ನಮಗೆ ಬೇಡ. ಹಾಗಾದರೆ ದ್ವಂದ್ವಾರ್ಥದ ನಾಟಕಕ್ಕೂ ಹಣ ಸಿಗುತ್ತದಲ್ಲ ಎನ್ನುವಿರಿ. ಸಿಗಲಿ. ಅಶ್ಲೀಲಕ್ಕೆ ಕಾನೂನಿದೆ. ಹಸ್ತಪ್ರತಿ ತಿದ್ದುವ ಅಧಿಕಾರ ಹಣ ಹಂಚುವವರ ಕೈಗೆ ಬಂದರೆ ಮೊದಲು ಕತ್ತರಿ ಬೀಳುವುದು ರಾಜಕಾರಣಿಯನ್ನು ಗೇಲಿ ಮಾಡುವ ಮಾತಿಗೆ. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದವರಿಗೆ ನನ್ನ ಭಯ ಅರ್ಥವಾದೀತು.

ಸರ್ಕಾರ ಸಂಬಳ ಕೊಟ್ಟು ಕಲಾವಿದರನ್ನು ಸಾಕುವುದು ಹೊಸದಲ್ಲ. 1989ರಿಂದ ಮೈಸೂರಿನ ರಂಗಾಯಣವೆಂಬ ಸರ್ಕಾರಿ ನಾಟಕ ಸಂಸ್ಥೆ ಹಾಗೆಯೇ ನಡೆದಿದೆ, ಅದನ್ನು ಯಾರೂ ದಂಡ ಎನ್ನುವುದಿಲ್ಲ. ಕಂಪನಿ ನಾಟಕದ ಹೆಸರಾಂತ ಕಲಾವಿದೆ ಚಿಂದೋಡಿ ಲೀಲಾ ಅವರ ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ ಬಂದಿದೆ, ಸಂತೋಷ. ಅಲ್ಲಿ ಕಲಿತ ಹುಡುಗಿ ಹೊರಗೆ ಬಂದಾಗ ಸೇರಿಕೊಳ್ಳಲು ಕಂಪನಿಗಳು ಇರಬೇಕಷ್ಟೆ. 2021ರ ಲಾಕ್‌ಡೌನಿನಲ್ಲಿ ಜಾತ್ರೆಯ ಹಂಗಾಮೇ ಕೈತಪ್ಪಿದಾಗ ಕಲಾವಿದರಿಗೆಂದು ಸರ್ಕಾರ ಘೋಷಿಸಿದ್ದು ತಲಾ 3,000 ರೂಪಾಯಿ. ಇಡೀ ಹಂಗಾಮಿನ ದುಡಿಮೆಗೆ ಇದು ಸಮವೇ?

ಇನ್ನು ನೀವು ಕೇಳಿದ ಪಟ್ಟಿ. ಅದು ಹೊರಗೆ ಬರಲೇಬೇಕು. ಹಣದ ಮೊತ್ತದ ಪಕ್ಕದಲ್ಲಿ ಆ ಕಂಪನಿ ಆ ವರ್ಷ ಎಲ್ಲೆಲ್ಲಿ ಕ್ಯಾಂಪ್ ಮಾಡಿತು, ಎಷ್ಟು ಆಟ ಆಡಿತು ಎಂಬ ಎರಡು ಕಾಲಮ್ಮುಗಳೂ ಇರಲಿ. ಕಾಗದದ ಮೇಲಷ್ಟೇ ಇರುವ ಕಂಪನಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಮಾಹಿತಿ ಹಕ್ಕಿನಡಿ ನೀವೇ ಅರ್ಜಿ ಹಾಕಿ. ಉತ್ತರ ಬಂದರೆ ಒಂದು ಹೆಸರನ್ನೂ ಬಿಡದೆ ಅಚ್ಚು ಹಾಕುತ್ತೇವೆ.
– ಸಂ.